ಹಸಿ ಜೋಳದ ಹಗೇವು

ಮನೆಅಳಿಯನಿಗೆ ಉಣ್ಣುವ ತಾಟೂ ಸ್ವಂತದ್ದಲ್ಲ ಎಂಬುದು ಪೆದ್ದಕಡುಬೂರಿಗೆ ಬಂದ ಮೊದಲ ವರ್ಷವೇ ಪಂಪಣ್ಣನಿಗೆ ಗೊತ್ತಾಗಿತ್ತು. ಆದೋನಿಯ ಕಾಳಿನ ಮಂಡಿಯಲ್ಲಿ ಕೆಲಸಕ್ಕಿದ್ದವನನ್ನು ಮಾವ ಯರ್ರೆಪ್ಪ ಕರೆತಂದು, ಗಂಡುಮಕ್ಕಳಿಲ್ಲದ ಮನೆ, ನಮ್ಮಲ್ಲೇ ಇರು ಎಂದು ಒಬ್ಬಳೇ ಮಗಳು ಹುಲುಗಮ್ಮನನ್ನು ಕೊಟ್ಟಿದ್ದ. ಅಂದಿನಿಂದ ಎರೆಹೊಲದಲ್ಲಿ ದುಡಿದದ್ದೇ ದುಡಿದದ್ದು. ಯಾರೂ ಬೈಯಲಿಲ್ಲ, ನಿಜ. ಯಾವ ಬೀಜ ಹಾಕೋಣ, ಯಾವ ಎತ್ತು ಕೊಳ್ಳೋಣ ಎಂದು ಒಂದು ಮಾತು ಕೇಳಿದವರೂ ಇಲ್ಲ. ಆದೋನಿ ಸೀಮೆ ಬಳ್ಳಾರಿ ಬಿಟ್ಟು ಕರ್ನೂಲಿಗೆ ಸೇರಿದ ವರ್ಷ ಹೊಸ ಸುದ್ದಿ ಹುಟ್ಟಿತು. ಮಾವ ತನ್ನ ತಮ್ಮನ ಮಗ ಭೀಮಲಿಂಗಪ್ಪನನ್ನು ದತ್ತು ತೆಗೆದುಕೊಳ್ಳುತ್ತಾನಂತೆ. ದತ್ತು ಆಯಿತೆಂದರೆ ಹೊಲ ಹೋಯಿತು. ದತ್ತಿಗೆ ಮುಂಚೆ ಮಾವ ಹೋದರೆ ಎಲ್ಲವೂ ಹುಲುಗಮ್ಮನಿಗೆ, ಅಂದರೆ ತನಗೆ.

ದಾರಿ ತೋರಿಸಿದವನು ಮಾವನೇ. ಆ ಸುಗ್ಗಿಯಲ್ಲಿ ಜೋಳದ ಕಾಳೊಂದನ್ನು ಹಲ್ಲಿನಡಿ ಕಟ್ ಎನಿಸಿ, ಹಗೇವಿಗೆ ಹಾಕಬಹುದು ಎಂದ. ಹಗೇವು ಎಂದರೆ ನೆಲದೊಳಗೆ ಗಡಿಗೆಯಂತೆ ತೋಡಿದ ಕಣಜ, ಬಾಯಿ ಕಿರಿದು, ಹೊಟ್ಟೆ ದೊಡ್ಡದು.

"ಒಣಗಿದ ಜೋಳ ಮಲಗಿರತೈತಿ, ಪಂಪಣ್ಣ. ಹಸಿ ಜೋಳ ಉಸಿರಾಡತೈತಿ. ಒಳಗಿನ ಗಾಳಿನೆಲ್ಲಾ ತಾನ ಕುಡದು, ಇಳದವನ್ನ ಕೊಲ್ಲತೈತಿ."

ಆ ಮಾತು ಪಂಪಣ್ಣನ ತಲೆಯಿಂದ ಇಳಿಯಲೇ ಇಲ್ಲ. ಮಂಡಿಯಲ್ಲಿ ನೆಂದ ಚೀಲಗಳು ಬಿಸಿಯೇರಿ ಹೊಗೆಯಾಡಿದ್ದನ್ನು ಅವನು ಕಂಡಿದ್ದ. ಹಗೇವು ಮನುಷ್ಯರನ್ನು ನುಂಗುವುದು ಆ ಸೀಮೆಗೆ ಹೊಸದೂ ಅಲ್ಲ. ಹಣೆಬರಹ ಅನ್ನುತ್ತಾರೆ, ಮಣ್ಣು ಮಾಡುತ್ತಾರೆ, ಅಷ್ಟೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪ್ರತಿ ವರ್ಷ ಹಗೇವಿಗೆ ಮೊದಲು ಇಳಿಯುವವನು ಮಾವನೇ, ಬೇರೆಯವರನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಮುದುಕನ ಜಿಪುಣತನ ಎಂದು ಪಂಪಣ್ಣ ನಗುತ್ತಿದ್ದ.

ಮಾವ ಶೇಂಗಾ ಬಂಡಿ ಹೂಡಿಕೊಂಡು ಆದೋನಿಗೆ ಹೊರಟ ದಿನ, ಹಗೇವು ತಾನೇ ಮುಚ್ಚುತ್ತೇನೆಂದು ಪಂಪಣ್ಣ ಮುಂದೆ ಬಿದ್ದ. ಮಾವ ಆಗಲಿ ಅಂದ. ಬೆಳೆ ಕಡಿಮೆಯಾಗಿ ಹಗೇವು ಅರ್ಧ ಮಾತ್ರ ತುಂಬಿದ್ದು ಇನ್ನೂ ಒಳ್ಳೆಯದಾಯಿತು, ಕೆಟ್ಟ ಗಾಳಿ ನಿಲ್ಲಲು ಜಾಗ ಸಿಕ್ಕಿತು. ನಡುವಿನ ಜೋಳಕ್ಕೆ ಕೊಡಗಟ್ಟಲೆ ನೀರು ಸುರಿದು, ಮೇಲೆ ಒಣ ಜೋಳ ಹರಡಿ, ಹುಲ್ಲು ಹಾಸಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದ.

ಆಮೇಲೆ ಅವನಿಗೆ ನೆಮ್ಮದಿ ಇಲ್ಲ. ದಿನವೂ ಏನೋ ನೆವ ಮಾಡಿ ಹಗೇವಿನ ಕಡೆ ಹೋಗುವನು, ಮಣ್ಣು ಬಿರುಕು ಬಿಟ್ಟಿದೆಯೇ ನೋಡುವನು. ಯಾರೂ ಇಲ್ಲದಾಗ ನೆಲಕ್ಕೆ ಕಿವಿ ಇಡುವನು. ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕೂತರೆ ಹುಲುಗಮ್ಮ ಏನಾಯಿತೆಂದು ಕೇಳುವಳು. ಒಮ್ಮೊಮ್ಮೆ ಭಯವಾಗುತ್ತಿತ್ತು. ಮಾವನ ಸಾವಿನ ಭಯವಲ್ಲ, ನೀರು ಸಾಲದಾಯಿತೇನೋ ಎಂಬ ಭಯ.

ದಸರೆ ಕಳೆದ ಮೇಲೆ ಹಗೇವು ತೆರೆದರು. ಉಳಿದ ತೊಡಕುಗಳಿಗೂ ಅವನು ಲೆಕ್ಕ ಹಾಕಿಟ್ಟಿದ್ದ. ನೆಂದ ಜೋಳದ ಹುಳಿ ವಾಸನೆ ಮುಚ್ಚಲು ಪೂಜೆಯ ನೆವದಲ್ಲಿ ಕೈತುಂಬ ಲೋಬಾನದ ಹೊಗೆ. ಗಾಳಿಯಾಡಲು ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟರೂ ಕೆಟ್ಟ ಗಾಳಿ ಭಾರ, ತಳ ಬಿಟ್ಟು ಏಳುವುದಿಲ್ಲ. ಕೊನೆಗೆ ಕಂದೀಲು ಇಳಿಬಿಟ್ಟು ನೋಡುವ ಪರೀಕ್ಷೆ, ಕೆಟ್ಟ ಗಾಳಿಯಿದ್ದರೆ ತಳದಲ್ಲಿ ದೀಪ ಆರಿಬಿಡುತ್ತದೆ. ಹಗ್ಗ ತಾನೇ ಹಿಡಿದು ಹಗೇವಿನ ಬಾಯಿಗೆ ಅಡ್ಡಲಾಗಿ ಬಗ್ಗಿದ. ಕಂದೀಲನ್ನು ತಳಕ್ಕೆ ಬಿಡದೆ ಹಗೇವಿನ ಕುತ್ತಿಗೆಯಲ್ಲೇ ನಿಲ್ಲಿಸಿ, ಮಿಕ್ಕ ಹಗ್ಗವನ್ನು ಅಂಗೈಯಲ್ಲಿ ಮುದುರಿಕೊಂಡ.

"ಉರಿತೈತೇನು?" ಮಾವ ಕೇಳಿದ.

"ಚೊಲೊ ಉರಿತೈತ್ರಿ ಮಾವ. ಗಾಳಿ ಭೇಷ್ ಐತಿ," ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿ ಕಂದೀಲು ಮೇಲೆಳೆದ.

ಯರ್ರೆಪ್ಪ ದಪ್ಪ ಹಗ್ಗ ಎತ್ತಿಕೊಂಡು ಬಂದು ಪಂಪಣ್ಣನ ಸೊಂಟಕ್ಕೇ ಸುತ್ತತೊಡಗಿದ. "ನಮ್ಮ ಮನ್ಯಾಗ ಹಗೇವು ಮುಚ್ಚಿದ ಕೈನ ಮೊದ್ಲ ಬುಟ್ಟಿ ತಗೀಬೇಕು. ನಮ್ಮಪ್ಪ ಹೋದಮ್ಯಾಲೆ ನಾನ ಮುಚ್ಚತಿದ್ದೆ, ಅದಕ್ಕ ನಾನ ಇಳೀತಿದ್ದೆ. ಈ ಸರ್ತಿ ಮುಚ್ಚಿದಾಂವ ನೀನು. ಮಗನ ಕೆಲಸ ತಾನಾಗೇ ಮಾಡಿದಿ. ಇನ್ನ ದತ್ತು ಬ್ಯಾಡಂತ ನಮ್ಮ ತಮ್ಮಗ ಹೇಳಿ ಬಂದೀನಿ." ಮುದುಕನ ಕಣ್ಣು ತೇವವಾಗಿತ್ತು. ಗಂಟನ್ನು ಎರಡು ಸಲ ಜಗ್ಗಿ ನೋಡಿದ. ಗಾಳಿ ಕೆಟ್ಟಿದೆ ಎನ್ನಲು ಪಂಪಣ್ಣ ಬಾಯಿ ತೆರೆದ. ಭೇಷ್ ಎಂದದ್ದನ್ನು ಊರೇ ಕೇಳಿತ್ತು. ಹುಲುಗಮ್ಮ ನಗುತ್ತ ಬಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು.