ಹಿಂದಿನ ಚಕ್ರಕ್ಕೂ ನಿಂಬೆಹಣ್ಣು

"ತೆಗಿಯೇ ಆ ನಿಂಬೆಹಣ್ಣನ್ನ! ಹೆಣದ ಮುಂದೆ ಹಣ್ಣಿಟ್ಟು ಆಯುಧಪೂಜೆ ಮಾಡೋರನ್ನ ಎಲ್ಲಾದ್ರೂ ನೋಡಿದ್ದೀಯಾ?"

ಮುನಿಲಕ್ಷ್ಮಮ್ಮನವರ ದನಿಗೆ ಗ್ಯಾರೇಜಿನ ತಗಡಿನ ಬಾಗಿಲೂ ಒಮ್ಮೆ ಅದುರಿತು. ಹೊರಗೆ ರಸ್ತೆಬದಿಯಲ್ಲಿ ಅವರ ತಮ್ಮ ಹನುಮಂತರಾಯರ ಹೊಚ್ಚಹೊಸ ಕಂಪನಿ ಕಾರು, ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಕುಂಡದಿಂದ ಕಿತ್ತು ಕಟ್ಟಿದ ಸೇವಂತಿಗೆ ಹಾರ ಹಾಕಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ಮದುವಣಿಗನಂತೆ ನಿಂತಿತ್ತು. ಒಳಗೆ ಗ್ಯಾರೇಜಿನಲ್ಲಿ ಹನುಮಂತರಾಯರ ಹೆಂಡತಿ ಸ್ಮಿತಾಳ ಹಳೆಯ ಪುಟ್ಟ ಕಾರು, ಚಕ್ರಗಳನ್ನೆಲ್ಲ ಕಳಚಿಕೊಂಡು, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಹೊಟ್ಟೆ ತೆರೆದು ಕೂತಿತ್ತು. ಅದರ ಮುಂದೆ ಒಂದೇ ಒಂದು ನಿಂಬೆಹಣ್ಣು. ಇಟ್ಟವಳು ಅವರ ಒಬ್ಬಳೇ ಮಗಳು ಸ್ಪಂದನಾ.

"ಇದು ಹೆಣ ಅಲ್ಲ ಅತ್ತೆ. ಆಪರೇಷನ್ ನಡೀತಿದೆ ಅಷ್ಟೆ."

"ಬಾಯಿ ನೋಡು! ಕೈ ನೋಡು ಕೈ! ಹೆಣ್ಣುಮಗಳ ಕೈಯಾ ಇದು? ಉಗುರು ತುಂಬಾ ಮಸಿ! ಇಂಥ ಕೈ ಹಿಡಿಯೋಕೆ ಯಾವ ಗಂಡು ಬರ್ತಾನೆ?"

"ಸೋಪ್ ಹಾಕಿ ತೊಳ್ಕೊಂಡ್ರೆ ಹೋಗುತ್ತೆ ಅತ್ತೆ. ಬರೋ ಗಂಡಿಗೆ ಅಷ್ಟೂ ತಾಳ್ಮೆ ಇಲ್ದಿದ್ರೆ ನನಗೆ ಬೇಡ."

ಹನುಮಂತರಾಯರ ಮುಖ ಕೆಂಡವಾಯಿತು. ಅವರ ಸಂಕಟ ಬೇರೆಯೇ ಇತ್ತು ನೋಡಿ. ಫ್ರಾಂಕ್‌ಫರ್ಟ್ ಬಳಿಯ ಡಾರ್ಮ್‌ಸ್ಟಾಟ್‌ನ ಟೆಕ್ನಿಕಲ್ ಯೂನಿವರ್ಸಿಟಿಗೆ ಸೇರಿದ್ದ ಮಗಳು, ನನಗೆ ಈ ಪಾಠ ಬೇಡ, ಕೆಲಸ ಬೇಕು ಎಂದು ಅರ್ಧಕ್ಕೇ ಬಿಟ್ಟು ಒಂದು ಗ್ಯಾರೇಜಿನಲ್ಲಿ ಔಸ್‌ಬಿಲ್ಡುಂಗ್ ಸೇರಿದ್ದಳು. ದುಡಿಯುತ್ತಲೇ ಕಸುಬು ಕಲಿಯುವ ಆ ದಾರಿ ಈ ದೇಶದಲ್ಲಿ ಮರ್ಯಾದೆಯದ್ದೇ. ಆದರೆ ದೊಡ್ಡಬಳ್ಳಾಪುರದ ನೆಂಟರಿಗೆ ಅದನ್ನು ಹೇಳುವುದು ಹೇಗೆ? "ಆಟೋಮೊಬೈಲ್ ರಿಸರ್ಚ್ ಮಾಡ್ತಿದಾಳೆ" ಎಂದು ಫೋನಿನಲ್ಲಿ ಬಿಟ್ಟಿದ್ದರು ಮಹಾರಾಯರು! ಮೂರು ತಿಂಗಳ ವೀಸಾ ಹಾಕಿಸಿಕೊಂಡು ದಸರೆಗೆಂದು ಬಂದ ಅಕ್ಕ, ವಿಮಾನ ಇಳಿದ ದಿನವೇ ರಿಸರ್ಚನ್ನು ಕಣ್ಣಾರೆ ಕಂಡಿದ್ದರು. ನೀಲಿ ಮೇಲಂಗಿ ತೊಟ್ಟು, ಕಾರಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡು ಮಲಗಿದ್ದ ರಿಸರ್ಚು!

"ಸ್ಪಂದನಾ, ಕೊನೇ ಸಲ ಹೇಳ್ತಿದೀನಿ," ಹನುಮಂತರಾಯರು ಹಲ್ಲು ಕಚ್ಚಿ ನುಡಿದರು. "ಈ ತಗಡು ಗುಜರಿಗೆ ಹೋಗ್ಬೇಕು. ನೀನು ಯೂನಿವರ್ಸಿಟಿಗೆ ವಾಪಸ್ ಹೋಗ್ಬೇಕು. ನಿಮ್ಮಮ್ಮ ಆ ಕೆಲಸ ಬಿಟ್ಟು ಮನೇಲಿರ್ಬೇಕು. ಆಗ ಯಾರಿಗೂ ಯಾವ ಕಾರೂ ಬೇಕಾಗಲ್ಲ."

"ಅಮ್ಮನ ಕೆಲಸದ ತಂಟೆಗೆ ಯಾಕೆ ಹೋಗ್ತೀಯಾ ಅಪ್ಪಾ? ದಾಸ್ ಇಸ್ಟ್ ಮಾಮಾಸ್ ಔಟೋ! ಇದು ಅಮ್ಮನ ಕಾರು. ಅಮ್ಮ ತನ್ನ ಸಂಬಳದಲ್ಲಿ ತಗೊಂಡಿದ್ದು."

"ಮುದುಕರ ಮಲಮೂತ್ರ ಬಳಿಯೋ ಸಂಬಳ!" ಎಂದು ಮುನಿಲಕ್ಷ್ಮಮ್ಮ ಮೂಗು ಮುರಿದರು. "ಎಂಜಿನಿಯರ್ ಹೆಂಡ್ತಿ ಆಗಿ ಆ ಕೆಲಸ ಮಾಡೋಕೆ ನಾಚಿಕೆ ಆಗ್ಬೇಕು. ತಾಯಿ ಹಾಗೆ, ಮಗಳು ಹೀಗೆ!"

ಸ್ಮಿತಾ ಬಾಗಿಲಿನ ಬಳಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದಳು. ಬೆಟ್ಟದ ಮೇಲಿನ ವೃದ್ಧಾಶ್ರಮದಲ್ಲಿ ಅವಳ ಕೆಲಸ. ಬೆಳಗಿನ ಪಾಳಿ, ಆ ಹೊತ್ತಿಗೆ ಓಡೆನ್‌ವಾಲ್ಡಿನ ಈ ಹಳ್ಳಿಯಿಂದ ಒಂದು ಬಸ್ಸೂ ಹೊರಡುವುದಿಲ್ಲ. ಮೈ ಒರೆಸಿ, ಬಾಯಿಗೆ ತುತ್ತಿಟ್ಟು, ತಲೆ ಬಾಚಿದಾಗ ಕೃತಜ್ಞತೆಯಿಂದ ಕೈ ಹಿಡಿದುಕೊಂಡು "ಡಾಂಕೆ, ಸ್ಮಿತಾ" ಎನ್ನುವ ಆ ಮುದುಕಿಯರ ನಡುವೆಯೇ ಅವಳಿಗೆ ತಾನೂ ಒಬ್ಬ ಮನುಷ್ಯಳು ಎನಿಸುತ್ತಿದ್ದದ್ದು. ಆ ಕಾರು ಹೋದರೆ ಆ ಬೆಟ್ಟ ಹೋಯಿತು. ಬೆಟ್ಟ ಹೋದರೆ ಉಳಿಯುವುದು ಅಡಿಗೆಮನೆ, ಮತ್ತೆ ಈ ಅತ್ತಿಗೆಯ ನಾಲಿಗೆ.

ಮಗಳು ತಾಯಿಯ ಮುಖ ನೋಡಿದಳು. 'ಒಂದು ಮಾತಾಡಮ್ಮಾ... ಒಂದೇ ಒಂದು!' ಎಂದು ಆ ಕಣ್ಣುಗಳು ಅಂಗಲಾಚುತ್ತಿದ್ದವು. ಸ್ಮಿತಾಳ ತುಟಿ ಅಲುಗಿತು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಮದುವೆಯಾದಂದಿನಿಂದ ಅಲ್ಲೇ ಸಿಕ್ಕಿಕೊಂಡು ಅಭ್ಯಾಸವಾಗಿತ್ತು ಅದಕ್ಕೆ!

"ಕಾರು ಹೋಗಲ್ಲ ಅಂದ್ರೆ ನೀನು ಹೋಗು!" ಎಂದು ತಂದೆ ಕೂಗಿಬಿಟ್ಟರು.

ಸ್ಪಂದನಾ ಅಳಲಿಲ್ಲ. ಬಗ್ಗಿ ಆ ನಿಂಬೆಹಣ್ಣನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. "ಸರಿ ಅಪ್ಪಾ. ಇಬ್ರೂ ಹೋಗ್ತೀವಿ. ನಾನೂ, ಕಾರೂ." ಸಂಜೆಗೆ ಅವಳ ಗುರು, ಗ್ಯಾರೇಜಿನ ಮೈಸ್ಟರ್ ಬ್ರೂನರ್, ಟ್ರೇಲರ್ ತಂದು ಆ ಕಾರನ್ನು ಹೇರಿಕೊಂಡರು. ತಾಯಿ ಕಿಟಕಿಯ ಪರದೆ ಹಿಡಿದು ನೋಡುತ್ತಲೇ ಇದ್ದಳು. ಆರತಿ ತಟ್ಟೆಯ ಕರ್ಪೂರ ಹಚ್ಚದೆಯೇ ಉಳಿದುಹೋಯಿತು.

ಅಷ್ಟಕ್ಕೂ ಆ ಹುಡುಗಿಗೆ ಏಕಿಷ್ಟು ಹಟ? ಹೋದ ಚಳಿಗಾಲದ ಕಥೆ ಕೇಳಿ. ಆಗಿನ್ನೂ ಕಂಪನಿ ಕಾರು ಬಂದಿರಲಿಲ್ಲ. ಇವರ ಮನೆ ಇರುವುದು ತಗ್ಗಿನಲ್ಲಿ. ಊರ ರಸ್ತೆ ಸೇರಬೇಕಾದರೆ ಕಡಿದಾದ ಏರು ಹತ್ತಬೇಕು. ಹಿಮ ಬಿದ್ದು ಗಾಜಿನಂತೆ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ ಹನುಮಂತರಾಯರಿಗೆ ಆಫೀಸಿನಲ್ಲಿ ದೊಡ್ಡ ಮೀಟಿಂಗು. ಹೆಂಡತಿಯ ಕಾರಿನಲ್ಲಿ ತಾವು ಕೂತರು. ಮುಂದಿನ ಚಕ್ರಗಳು ಗಿರಗಿರನೆ ತಿರುಗಿದವೇ ಹೊರತು ಕಾರು ಅಲ್ಲಾಡಲಿಲ್ಲ. "ಸ್ಮಿತಾ, ಹಿಂದಿನಿಂದ ತಳ್ಳು!" ಎಂದರು. ತಳ್ಳಿದಳು. ಕಾಲು ಜಾರಿತು. ಬಲಗೈ ಮಣಿಕಟ್ಟು ಲಟಕ್ಕೆಂದು ಮುರಿಯಿತು! ಕಿಟಕಿಯಿಂದ ಅದನ್ನು ನೋಡಿದ ಸ್ಪಂದನಾ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಿದ್ದಳು. ಅಮ್ಮನನ್ನು ಮಡಿಲಿಗೆಳೆದುಕೊಂಡು, ನಡುಗುವ ಹಲ್ಲುಗಳ ನಡುವೆ ಒಂದೇ ಮಾತು ಹೇಳಿದ್ದಳು: "ಇನ್ಮೇಲೆ ನೀನು ಕಾರು ತಳ್ಳಲ್ಲ ಅಮ್ಮಾ. ನಾನು ತಳ್ಳೋಕೆ ಬಿಡಲ್ಲ."

ಹೊಸ ಕಾರು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಳ್ಳುವವರು ಯಾರು? ಕೆಲಸವನ್ನೇ ಬಿಡು ಎನ್ನುವ ಗಂಡನೇ? ಅದಕ್ಕೇ ಸ್ಪಂದನಾ ಇದ್ದ ಕಾರನ್ನೇ ಹಿಮದ ಏರು ಹತ್ತುವಂತೆ ಮಾಡಹೊರಟಿದ್ದಳು.

ಅಕ್ಟೋಬರ್ ಕಳೆಯಿತು. ಸ್ಮಿತಾ ಬಿಟ್ಟಳೆಂದುಕೊಂಡಿರಾ ಕೆಲಸವನ್ನು? ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡು ಬಸ್ಸಿನಲ್ಲಿ ಓಡಾಡಿದಳು. ಗಂಡ ಗೊಣಗಿದರು, ಅತ್ತಿಗೆ ಕುಟುಕಿದರು. ಅವಳು ಹೋಗುವುದನ್ನು ಬಿಡಲಿಲ್ಲ. ಭಾನುವಾರ ಮಾತ್ರ "ದೇವಸ್ಥಾನಕ್ಕೆ" ಎಂದು ಹೇಳಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ನೇರವಾಗಿ ಬ್ರೂನರ್ ಗ್ಯಾರೇಜಿಗೆ! ಮಗಳು ಅಲ್ಲೇ ಮೇಲಿನ ಕೋಣೆಯಲ್ಲಿದ್ದಳು. ಮೊದಲ ದಿನ ಇಬ್ಬರೂ ತಬ್ಬಿಕೊಂಡು ಅತ್ತರು. "ಅವತ್ತು ನಾನು ಬಾಯಿ ಬಿಡಲಿಲ್ಲ ಕಣೇ... ನನ್ನ ಕ್ಷಮಿಸು ಮಗಳೇ..." ಎಂದು ತಾಯಿ ಬಿಕ್ಕಿದಳು. "ಬಿಡಮ್ಮಾ. ಬಾ, ಟಾರ್ಚ್ ಹಿಡ್ಕೋ," ಎಂದಳು ಮಗಳು.

ಅದೇ ಮಾದರಿಯ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಇನ್ನೊಂದು ಕಾರು ಅಪಘಾತದಲ್ಲಿ ಪಕ್ಕೆ ಜಜ್ಜಿಹೋಗಿ ಮೈಸ್ಟರ್ ಬ್ರೂನರ್ ಅಂಗಳದಲ್ಲಿ ಬಿದ್ದಿತ್ತು. ಅದರ ಗೇರ್‌ಬಾಕ್ಸು ತೆಗೆದು ಇದಕ್ಕೆ, ಅದರ ಹಿಂದಿನ ಆಕ್ಸಲ್ ಇದಕ್ಕೆ, ಮುಂದಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಇದಕ್ಕೆ. ಆ ಶಾಫ್ಟಿಗೆ ದಾರಿ ಬೇಕೆಂದು ಪೆಟ್ರೋಲ್ ಟ್ಯಾಂಕೂ ಬದಲಾಯಿತು. ಸೈಲೆನ್ಸರ್ ಕೊಳವೆಯೂ ಬದಲಾಯಿತು. ಹಿಂದಿನ ಆಕ್ಸಲ್ಲನ್ನು ಮೊದಲ ಸಲ ಎತ್ತಿ ಕೂರಿಸಿದಾಗ ಒಂದು ಬೋಲ್ಟೂ ತನ್ನ ತೂತಿಗೆ ಹೊಂದಲಿಲ್ಲ. ಸ್ಪಂದನಾ ಸ್ಪ್ಯಾನರ್ ಬಿಸಾಕಿ ನೆಲದ ಮೇಲೆ ಕುಕ್ಕರಿಸಿದಳು.

"ಆಗಲ್ಲ ಅನ್ಸುತ್ತಮ್ಮಾ... ಅಪ್ಪ ಹೇಳಿದ್ದೇ ಸರಿಯೇನೋ."

ಸ್ಮಿತಾ ಕಾರಿನ ಅಡಿ ಬಗ್ಗಿ ನೋಡಿದಳು. "ಇಷ್ಟು ದಿನ ಈ ಹಿಂದಿನ ಚಕ್ರಗಳು ಏನು ಮಾಡ್ತಿದ್ವು ಹಾಗಾದ್ರೆ?"

"ಏನೂ ಇಲ್ಲ. ಮುಂದಿನವು ಎಳೀತವೆ, ಹಿಂದಿನವು ಭಾರ ಹೊತ್ಕೊಂಡು ಸುಮ್ನೆ ಉರುಳ್ತಾ ಬರ್ತವೆ."

"ನನ್ನ ಹಾಗೆ!" ಎಂದು ತಾಯಿ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನೆಲದಲ್ಲಿ ಬಿದ್ದಿದ್ದ ಸ್ಪ್ಯಾನರನ್ನು ಎತ್ತಿ ಮಗಳ ಕೈಗಿಟ್ಟಳು. "ಏಳು. ಬಿಚ್ಚಿ ಮತ್ತೆ ಕೂರಿಸು. ಸುಮ್ನೆ ಉರುಳಿದ್ದು ಸಾಕು!"

ಬಿಚ್ಚಿದರು, ಕೂರಿಸಿದರು, ಮತ್ತೆ ಬಿಚ್ಚಿದರು. ಕೊನೆಗೆ ಕೂತಿತು. ಕ್ರಿಸ್‌ಮಸ್ಸಿಗೆ ಮುಂಚೆ ವಾಹನ ತಪಾಸಣೆಯ ಸಂಸ್ಥೆ ಟ್ಯೂಫಿನ ಪರೀಕ್ಷಕರು ಕಾರನ್ನು ಮೇಲೆತ್ತಿ ಅಂಗುಲ ಅಂಗುಲ ತಡಕಿ, ಓಡಿಸಿ, ಬ್ರೇಕು ಒತ್ತಿ, ರಸ್ತೆಗಿಳಿಯಲು ಯೋಗ್ಯ ಎಂದು ಒಪ್ಪಿದರು. ಮೈಸ್ಟರ್ ಬ್ರೂನರ್ ಮೀಸೆಯಲ್ಲೇ ನಕ್ಕು, "ಗೂಟ್" ಎಂದರು. ಆ ಮನುಷ್ಯನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

ಜನವರಿ ಬಂತು. ಮುನಿಲಕ್ಷ್ಮಮ್ಮ ಊರಿಗೆ ಹೊರಡುವ ದಿನವೇ ಹಿಮ ಸುರಿದು ದಾರಿಯೆಲ್ಲ ಗಾಜಾಯಿತು. ಬಸ್ಸು ನಿಂತಿತ್ತು. ಟ್ಯಾಕ್ಸಿಯವನು ತಗ್ಗಿಗೆ ಇಳಿಯಲಾರೆ ಎಂದುಬಿಟ್ಟ. ವೀಸಾ ಮುಗಿಯುತ್ತಾ ಬಂದಿದೆ, ಮಧ್ಯಾಹ್ನಕ್ಕೆ ಫ್ರಾಂಕ್‌ಫರ್ಟಿನಿಂದ ವಿಮಾನ! ಹನುಮಂತರಾಯರು ಅಕ್ಕನ ಸೂಟ್‌ಕೇಸುಗಳನ್ನು ಕಂಪನಿ ಕಾರಿಗೆ ತುಂಬಿದರು. ಮುನಿಲಕ್ಷ್ಮಮ್ಮ ಮುಂದಿನ ಚಕ್ರಗಳಿಗೆ ನಿಂಬೆಹಣ್ಣಿಟ್ಟರು. ಕಾರು ಗುಡುಗಿತು. ಚಕ್ರಗಳು ಇದ್ದಲ್ಲೇ ತಿರುಗಿ ಹಣ್ಣುಗಳನ್ನು ಅರೆದು ಹಿಮಕ್ಕೆ ಚೆಲ್ಲಿದವು. ಕಾರು ಏರನ್ನು ಸ್ವಲ್ಪ ಹತ್ತಿದಂತೆ ಮಾಡಿ, ಜಾರಿ, ಮತ್ತೆ ಮನೆ ಬಾಗಿಲಿಗೇ ಬಂತು.

"ಸ್ಮಿತಾ! ಏನ್ ನೋಡ್ತಾ ನಿಂತಿದೀಯಾ? ಹಿಂದೆ ಬಂದು ಸ್ವಲ್ಪ ತಳ್ಳು!"

ಸ್ಮಿತಾ ತನ್ನ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ತಳ್ಳಲ್ಲ ರೀ."

"ಏನಂದೆ?"

"ತಳ್ಳಲ್ಲ ಅಂದೆ."

"ಹೊತ್ತಾಗ್ತಿದೆ, ತಮಾಷೆ ಮಾಡ್ಬೇಡ!"

"ತಮಾಷೆ ಅಲ್ಲ ರೀ! ಹೋದ ವರ್ಷ ಇದೇ ಜಾಗದಲ್ಲಿ ಬಿದ್ದೆ ನಾನು. ನೀವು ಕಾರಿಂದ ಇಳಿದು ಮೊದಲು ಏನು ನೋಡಿದ್ರಿ, ನೆನಪಿದೆಯಾ? ಬಂಪರ್ ನೋಡಿದ್ರಿ! ಆಮೇಲೆ ನನ್ನ ನೋಡಿದ್ರಿ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇಷ್ಟು ವರ್ಷ ತಳ್ಳಿದೀನಿ. ನಿಮ್ಮ ಓದು ಮುಗೀಲಿ ಅಂತ, ನಿಮ್ಮ ಕೆಲಸ ಉಳೀಲಿ ಅಂತ, ನಿಮ್ಮ ಅಕ್ಕ ನೊಂದ್ಕೋಬಾರ್ದು ಅಂತ! ಮಗಳನ್ನ ಮನೆಯಿಂದಾಚೆ ಹಾಕಿದಾಗ್ಲೂ ತುಟಿ ಬಿಚ್ಚಲಿಲ್ಲ, ಪಾಪಿ ನಾನು! ಇನ್ನು ತಳ್ಳಲ್ಲ. ಅತ್ತಿಗೆ ಊರಿಗೆ ಹೋಗ್ಬೇಕು ತಾನೆ? ನಾನು ಕಳಿಸ್ತೀನಿ. ನನ್ನ ಕಾರಲ್ಲಿ!"

ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದಳು. "ಕಾರು ತಗೊಂಡು ಬಾ ಮಗಳೇ."

ಸ್ವಲ್ಪ ಹೊತ್ತಿಗೆ ಏರಿನ ನೆತ್ತಿಯಲ್ಲಿ ಆ ಪುಟ್ಟ ಕಾರು ಕಾಣಿಸಿತು. ನಿಧಾನವಾಗಿ, ಅಡ್ಡಾದಿಡ್ಡಿ ಜಾರದೆ, ನೇರವಾಗಿ ಇಳಿದು ಮನೆಯ ಮುಂದೆ ಏರಿನತ್ತ ತಿರುಗಿ ನಿಂತಿತು. ಸ್ಪಂದನಾ ಅದೇ ನೀಲಿ ಮೇಲಂಗಿಯಲ್ಲಿ ಇಳಿದಳು.

"ಇಳಿಯೋದೇನು ದೊಡ್ಡ ವಿಷಯ? ಹತ್ತಲಿ ನೋಡೋಣ," ಎಂದರು ಮುನಿಲಕ್ಷ್ಮಮ್ಮ. ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. ವಿಮಾನದ ಚಿಂತೆ ಎಂಥವರನ್ನೂ ಮೆತ್ತಗಾಗಿಸುತ್ತದೆ. ಕಾರಿನ ಸುತ್ತ ಒಂದು ಸುತ್ತು ಹಾಕಿ ತಮ್ಮನ ಕಡೆ ತಿರುಗಿದರು. "ನಿಂಬೆಹಣ್ಣಿಲ್ದೆ ನಾನು ಇದನ್ನ ಹತ್ತಲ್ಲಪ್ಪಾ."

ಹೆಣವೆಂದಿದ್ದ ಬಾಯಿಂದಲೇ ಬಂದ ಮಾತು! ಸ್ಪಂದನಾ ತುಟಿಯಂಚಿನಲ್ಲೇ ನಕ್ಕಳು. ಹನುಮಂತರಾಯರು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಎರಡು ನಿಂಬೆಹಣ್ಣು ತಂದು ಮುಂದಿನ ಚಕ್ರಗಳಿಗೆ ಇಟ್ಟರು.

"ಇನ್ನೆರಡು ತನ್ನಿ," ಎಂದಳು ಸ್ಮಿತಾ.

"ಎರಡು ಇಟ್ಟೆನಲ್ಲಾ?"

"ಈ ಕಾರಲ್ಲಿ ಹಿಂದಿನ ಚಕ್ರಗಳೂ ದುಡೀತವೆ. ಅವಕ್ಕೂ ಮರ್ಯಾದೆ ಸಲ್ಲಬೇಕು."

ಹನುಮಂತರಾಯರು ಹೆಂಡತಿಯ ಮುಖವನ್ನೇ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮುಖವನ್ನು ಅವರು ಸರಿಯಾಗಿ ಕಂಡಿರಲಿಲ್ಲ. ಮತ್ತೆ ಒಳಗೆ ಹೋಗಿ ಇನ್ನೆರಡು ಹಣ್ಣು ತಂದರು. ಕಾರಿನ ಹಿಂದೆ, ಹೆಂಡತಿ ಬಿದ್ದಿದ್ದ ಅದೇ ಜಾಗದಲ್ಲಿ, ಹಿಮದ ಮೇಲೆ ಮಂಡಿಯೂರಿ ಒಂದೊಂದನ್ನೇ ಚಕ್ರಕ್ಕೆ ಒತ್ತಿ ಇಟ್ಟರು. ಏಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ಸ್ಪಂದೂ... ನಿನ್ನ ರೂಮು ಹಾಗೇ ಇದೆ ಕಣೇ. ವಾಪಸ್ ಬಾಮ್ಮಾ..."

"ಬರ್ತೀನಿ ಅಪ್ಪಾ," ಎಂದಳು ಮಗಳು. ಮಸಿ ಹಿಡಿದ ಎರಡೂ ಕೈಗಳನ್ನು ತಂದೆಯ ಮುಂದೆ ಚಾಚಿದಳು. "ಆದ್ರೆ ಈ ಕೈಗಳ ಸಮೇತ ಬರ್ತೀನಿ. ಯೂನಿವರ್ಸಿಟಿ ಮಾತು ಎತ್ತಬಾರ್ದು. ದೊಡ್ಡಬಳ್ಳಾಪುರಕ್ಕೆ ಫೋನ್ ಮಾಡಿದಾಗ, ನನ್ನ ಮಗಳು ಮೆಕ್ಯಾನಿಕ್ ಅಂತ ನೀನೇ ಹೇಳ್ಬೇಕು."

ಹನುಮಂತರಾಯರು ಆ ಕೈಗಳನ್ನು ಹಿಡಿದುಕೊಂಡರು. ಅವರ ಬಿಳಿ ಸ್ವೆಟರಿಗೂ ಮಸಿ ಹತ್ತಿತು. "ಹೇಳ್ತೀನಿ," ಎಂದರು.

ಸ್ಪಂದನಾ ಸೂಟ್‌ಕೇಸುಗಳನ್ನು ಈ ಕಾರಿಗೆ ಸಾಗಿಸಿ, ಬೀಗದ ಕೈಯನ್ನು ತಾಯಿಗೆ ಕೊಟ್ಟಳು. ಮುನಿಲಕ್ಷ್ಮಮ್ಮ ಹಿಂದಿನ ಸೀಟಿನಲ್ಲಿ ಕೂತು, ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಅಪ್ಪಿ ಹಿಡಿದು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ಸ್ಮಿತಾ ಗೇರ್ ಹಾಕಿದಳು. ನಾಲ್ಕು ಹಣ್ಣುಗಳೂ ಒಟ್ಟಿಗೆ ಚಟ್ಟೆಂದವು. ಕಾರು ಏರಿನ ಹಿಮವನ್ನು ಗಟ್ಟಿಯಾಗಿ ಕಚ್ಚಿಕೊಂಡು ಮೇಲೆ ಹತ್ತತೊಡಗಿತು. ಒಮ್ಮೆಯೂ ಹಿಂದೆ ಸರಿಯಲಿಲ್ಲ.

ಅರ್ಧ ಏರು ದಾಟಿದ ಮೇಲೆ ಮುನಿಲಕ್ಷ್ಮಮ್ಮ ಮೆಲ್ಲನೆ ಕಣ್ಣು ಬಿಟ್ಟರು. ಕುತ್ತಿಗೆ ಹೊರಳಿಸಿ ಹಿಂದಿನ ಗಾಜಿನಿಂದ ನೋಡಿದರು. ಕೆಳಗೆ ದೂರದಲ್ಲಿ ತಮ್ಮ, ಅವನ ಮಗಳು, ಇಬ್ಬರೂ ಮನೆ ಬಾಗಿಲಲ್ಲೇ ನಿಂತು ಕೈಬೀಸುತ್ತಿದ್ದರು. ಕಾರಿನ ಹಿಂದೆ ಬರೀ ಬಿಳಿ ರಸ್ತೆ.

"ಯಾರೂ ತಳ್ತಾ ಇಲ್ವೇನೇ ಸ್ಮಿತಾ?"

"ಇಲ್ಲ ಅತ್ತಿಗೆ," ಎಂದಳು ಸ್ಮಿತಾ, ರಸ್ತೆಯಿಂದ ಕಣ್ಣು ತೆಗೆಯದೆ. "ಇನ್ಮೇಲೆ ನಮ್ಮನೇಲಿ ಯಾರೂ ತಳ್ಳಲ್ಲ."