ಮೂಗು ಕಟ್ಟಿದವರ ಕಷಾಯ

ಕಷಾಯವನ್ನು ಹದಕ್ಕೆ ತಂದವಳು ಕಿರಿಯ ವೈದ್ಯೆ ಗು ಹ್ಯೆರಿಮ್. ಅದು ಪ್ರೊಫೆಸರ್ ಪ್ಯೋ ಅವರ ಸಂಶೋಧನೆ ಎಂದು ಅಚ್ಚಾಯಿತು.

ದೇಗು ನಗರದ ಆ ಕೊರಿಯನ್ ಮೂಲಿಕೆ ಆಸ್ಪತ್ರೆಯಲ್ಲಿ ಇದೇನು ಹೊಸದಲ್ಲ. ಕೆಳಗಿನವರು ಒಲೆಯ ಮುಂದೆ ಬೇಯಬೇಕು, ಮೇಲಿನವರು ವೇದಿಕೆಯಲ್ಲಿ ಹೂಗುಚ್ಛ ಹಿಡಿಯಬೇಕು. ತನ್ನ ಹೆಸರೇಕೆ ಇಲ್ಲ ಎಂದು ಹ್ಯೆರಿಮ್ ಊಟದ ಮೇಜಿನಲ್ಲೇ ಕೇಳಿದ್ದಳು. ಪ್ಯೋ ನಕ್ಕರು. "ನಿಂಗಿನ್ನೂ ಚಿಕ್ಕ ವಯಸ್ಸು ಕಣಮ್ಮ, ಮುಂದಿನ ಸಲ ಹೆಸರು ಹಾಕೋಣ ಬಿಡು," ಎಂದು ಸುಟ್ಟ ಮಾಂಸದ ಒಂದು ತುಂಡನ್ನು ಅವಳ ಬಟ್ಟಲಿಗೆ ಹಾಕಿದರು. ಪರಿಹಾರವೆಂದರೆ ಅಷ್ಟೇ. ಅವಳು ತಲೆ ಬಗ್ಗಿಸಿ ಅದನ್ನು ತಿಂದಳು, ತಿನ್ನುತ್ತಲೇ ಯೋಚಿಸಿದಳು.

ರೋಗಿಗಳ ಮೇಲೆ ಕಷಾಯದ ಪರೀಕ್ಷೆ ಆಗಲೇ ನಡೆಯುತ್ತಿತ್ತು. ವಸಂತದಲ್ಲಿ ಪೈನ್ ಮರದ ಹಳದಿ ಪರಾಗ ಹಾರತೊಡಗಿದರೆ ಸೀನಿ ಸೀನಿ ಸುಸ್ತಾಗುವ ಮಂದಿ ಮೊದಲ ಕಂತಿನ ಕಷಾಯ ಕುಡಿದು ಮುಗಿಸುತ್ತಿದ್ದರು. ಎರಡನೆಯ ಕಂತು ಹ್ಯೆರಿಮ್‌ಳ ಒಲೆಯಿಂದಲೇ ಬರಬೇಕು. ಅದರಲ್ಲಿ ಔಷಧಿಯೇ ಇಲ್ಲದಿದ್ದರೆ? ಸೀನು ಮರಳುತ್ತದೆ, ಪ್ಯೋ ಮುಖ ಇಳಿಯುತ್ತದೆ. ಊರು ನಕ್ಕು ಮರೆತ ಮೇಲೆ ಅದೇ ಕಷಾಯವನ್ನು ಬೇರೆ ಆಸ್ಪತ್ರೆಯಲ್ಲಿ, ಈ ಸಲ ತನ್ನ ಹೆಸರಿನಲ್ಲಿ, ಹೊರಗೆ ತರಬಹುದು.

ಯಾರಿಗೂ ತೊಂದರೆಯಾಗಬಾರದು, ಅವಳೇನು ಪ್ಯೋ ಅಲ್ಲ. ಹಾಗಾಗಿ ಬಾರ್ಲಿ ಆರಿಸಿದಳು. ಕಪ್ಪಗಾಗುವವರೆಗೆ ಹುರಿದು ಕುದಿಸಿದಳು, ಬಣ್ಣ ಬಂತು. ಹುಳಿಗೆ ಕೆಂಪು ಓಮಿಜಾ ಹಣ್ಣು, ಕಹಿಗೆ ಒಂದು ಬೇರು. ನಾಲಿಗೆಗೆ ಗೊತ್ತಾಗುವುದು ಹುಳಿ, ಕಹಿಯಂಥ ರುಚಿ ಮಾತ್ರ. ಮಿಕ್ಕದ್ದೆಲ್ಲ ಮೂಗಿನ ಕೆಲಸ, ಇವರ ಮೂಗೋ ಬೀಗ ಹಾಕಿದ ಬಾಗಿಲು. ಅನ್ನ ಸೀದರೂ ತಿಳಿಯದವರು ಇದನ್ನು ಹಿಡಿದಾರೆಯೇ? ಪೊಟ್ಟಣಗಳಿಗೆ ತುಂಬಿ, ಬಾಯಿ ಬೆಸೆದು, ಮುದ್ರೆ ಒತ್ತುವಾಗ ಅವಳು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು.

ಹೊಸ ಕಂತಿನ ಮೊದಲ ಲೋಟವನ್ನು ಆಸ್ಪತ್ರೆಯಲ್ಲೇ, ವೈದ್ಯರ ಎದುರೇ ಕುಡಿಯಬೇಕೆಂಬುದು ನಿಯಮ. ಅಂದು ಪ್ಯೋ ಕೈಕಟ್ಟಿ ನಿಂತಿದ್ದರು. ಹ್ಯೆರಿಮ್ ತಾನೇ ಸಾಲಿನಲ್ಲಿ ಕೂತವರಿಗೆಲ್ಲ ಲೋಟ ಕೊಟ್ಟು ಬಂದಳು. ಎಲ್ಲರಿಗಿಂತ ಮುಂದೆ ಕೂತವಳು ಸಂತೆಬೀದಿಯಲ್ಲಿ ಒಣಮೀನು ಮಾರುವ ಮೇಂಗ್ ಅಜ್ಜಿ.

"ಬಿಸಿ ಆರೋದ್ರೊಳಗೆ ಕುಡಿದ್ಬಿಡಿ ಅಜ್ಜಿ."

ಅಜ್ಜಿ ಲೋಟವನ್ನು ಬಾಯಿಯ ಬಳಿ ತಂದು, ಅಲ್ಲೇ ತಡೆದಳು. ಒಮ್ಮೆ ಮೂಸಿದಳು. ಮತ್ತೆ ಮೂಸಿದಳು.

"ಏನ್ ಡಾಕ್ಟ್ರಮ್ಮ, ನಮ್ಮನೆ ಫ್ರಿಜ್ಜಲ್ಲಿರೋ ಬಾರ್ಲಿ ನೀರನ್ನೇ ನಂಗೆ ಕುಡಿಸ್ತೀರಾ? ಹಲ್ಲು ಬರೋಕ್ ಮುಂಚೆಯಿಂದ ಕುಡಿದೋಳು ನಾನು! ಅದ್ರಲ್ಲೂ ಸೀದದ್ದು. ಹುರಿಯೋಕೂ ಬರಲ್ವಾ ನಿಮ್ಗೆ?"

"ಔಷಧಿನೇ ಅಜ್ಜಿ. ನಿಮ್ಮ ಮೂಗಿಗೆ ಹಾಗನ್ಸುತ್ತೆ ಅಷ್ಟೇ."

"ನನ್ ಮೂಗಾ? ಮೊದಲ್ನೇ ಕಷಾಯ ಅರ್ಧ ಕುಡಿಯೋ ಹೊತ್ಗೇ ತೆಗೀತಲ್ಲಾ! ಇಷ್ಟು ವರ್ಷ ಅಂಗಡೀಲಿ ಕೂತಿದ್ರೂ ಗೊತ್ತಿರ್ಲಿಲ್ಲ, ನನ್ ಮೀನು ಎಷ್ಟು ನಾರುತ್ತೆ ಅಂತ. ಪಾಪ ಗಿರಾಕಿಗಳು!"

ಸಾಲಿನಲ್ಲಿ ಕೂತವರೆಲ್ಲ ನಕ್ಕು, ತಮ್ಮ ತಮ್ಮ ಲೋಟ ಮೂಸತೊಡಗಿದರು. ಒಲೆಯ ಮುಂದೆ ಬಣ್ಣ, ಹುಳಿ, ಕಹಿ ಎಲ್ಲವನ್ನೂ ಲೆಕ್ಕ ಹಾಕಿದ ಹ್ಯೆರಿಮ್ ಒಂದನ್ನು ಬಿಟ್ಟಿದ್ದಳು: ತನ್ನ ಕಷಾಯ ನಿಜಕ್ಕೂ ಒಳ್ಳೆಯ ಕಷಾಯ. ಪ್ಯೋ ಮೆಲ್ಲನೆ ಅವಳ ಕಡೆ ತಿರುಗಿದರು. "ಕುಡೀರಿ ಅಜ್ಜಿ," ಎಂದಳು ಅವಳು. ಅಜ್ಜಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಹೋಗಮ್ಮ. ಮುಂಚೆ ಕೊಟ್ಟಿದ್ದನ್ನೇ ತಗೊಂಬಾ. ಇದನ್ನ ನಾನು ಕುಡಿಯಲ್ಲ."