ಸೆನ್ಸರ್‌ಗೂ ಬಿತ್ತು ವಿಭೂತಿ

"ಯಾರ್ರೀ ಇದನ್ನ ಮ್ಯಾಲ ಏರಿಸಿದವ್ರು?!"

ಸುರಕ್ಷತಾ ತಪಾಸಣೆಗೆ ಬಂದಿದ್ದ ನಾಗರತ್ನಾಳ ಕೂಗಿಗೆ ಮಾನ್ವಿ ರಸ್ತೆಯ ಆ ಎಣ್ಣೆ ಕಾರ್ಖಾನೆಯೇ ಬೆಚ್ಚಿಬಿತ್ತು! ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡೋಣ?

ಪಂಪಿನ ಪಕ್ಕ, ನೆಲದಿಂದ ಗೇಣೆತ್ತರದಲ್ಲಿ ಅವಳೇ ಕೂರಿಸಿ ಹೋಗಿದ್ದ, ಸೋರಿಕೆ ಪತ್ತೆ ಹಚ್ಚುವ ಗ್ಯಾಸ್ ಸೆನ್ಸರ್ ಈಗ ತಲೆಗಿಂತ ಮೇಲಿತ್ತು. ಅದರ ಜಾಲರಿಯ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ ಬೇರೆ... ನಿನ್ನೆ ಅಮಾವಾಸ್ಯೆ. ಮಷೀನುಗಳಿಗೆಲ್ಲ ಪೂಜೆ ಆಗಿತ್ತು.

"ನಾನೇ ರೀ," ಎಂದು ತಲೆ ತಗ್ಗಿಸಿದ ಅಂಬರೀಶ. ಕಾರ್ಖಾನೆಯ ಮಾಲೀಕ ವಿರೂಪಣ್ಣನ ಮಗ.

"ಎಷ್ಟ್ ಸಲ ಹೇಳೀನ್ರಿ? ತೌಡಿನಿಂದ ಎಣ್ಣಿ ತೆಗಿಯೋ ಸಾಲ್ವೆಂಟಿನ ಆವಿ ಗಾಳಿಗಿಂತ ಭಾರ. ಸೋರಿದ್ರ ನೆಲಾ ಹಿಡಕೊಂಡು ಹರೀತದ. ಇಷ್ಟೆತ್ತರ ಇಟ್ರ ಇದಕ್ಕ ಗೊತ್ತಾಗೂದ್ರಾಗ ಒಂದ್ ಕಿಡಿ ಬಿದ್ರ ಮುಗೀತು! ಜಾಲರಿಗೂ ವಿಭೂತಿ ಮೆತ್ತೀರಿ. ಆವಿ ಒಳಗ ಹೋಗೂದು ಎಲ್ಲಿಂದ?"

ಅವನು ಮುಖ ತಿರುಗಿಸಿ ಮಾಲೆ ಬಿಚ್ಚತೊಡಗಿದ. ಅದರಿಂದ ಅವಳಿಗೆ ಇನ್ನೂ ನೋವಾಯಿತು. ಶಕ್ತಿನಗರದಿಂದ ಅವಳು ಬಂದಾಗಲೆಲ್ಲ ಚಹಾ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದವನು ಇವನೇನಾ?

'ನನ್ನ ಮಾತಿಗೇ ಬೆಲೆ ಕೊಡದವನು ನನ್ನ ಮನಸ್ಸಿಗೇನು ಕೊಟ್ಟಾನು! ಹುಚ್ಚಿ ನಾನು... ಇಷ್ಟಪಟ್ಟೆನಲ್ಲ!'

"ತಪಾಸಣಿ ಪತ್ರಕ್ಕ ನಾ ಸಹಿ ಹಾಕಂಗಿಲ್ಲ. ನಾಳಿಂದ ಬ್ಯಾರೇವ್ರು ಬರ್ತಾರ. ನಾ ಮಾತ್ರ ಈ ಕಡಿ ಕಾಲಿಡಂಗಿಲ್ಲ!"

ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಕಣ್ಣು ತುಂಬಿ ದಾರಿಯೇ ಕಾಣುತ್ತಿರಲಿಲ್ಲ.

ಗೇಟಿನ ಹತ್ತಿರ ವಿರೂಪಣ್ಣ ಅಡ್ಡ ಬಂದ.

"ಯವ್ವಾ, ಅವನ್ನ ಬೈಬ್ಯಾಡ. ಏರಿಸಿದಾಂವ ನಾನು! ಅಂವ ನಿನ್ನಿ ಊರಾಗ ಇದ್ದಿಲ್ಲ. ಪೂಜಿ ಮಾಡಿದ ವಸ್ತು, ಕಾಲಬುಡಕ ಹೆಂಗ ಬಿಡೂದು ಅಂತ..."

ನಾಗರತ್ನಾ ತಿರುಗಿ ನೋಡಿದಳು. ಅಂಬರೀಶ ಎತ್ತಲೋ ನೋಡುತ್ತ ನಿಂತಿದ್ದ. ಅವಳ ಸಿಟ್ಟೆಲ್ಲ ಇಳಿದುಹೋಯಿತು.

"ಯಪ್ಪಾ, ನಿಮ್ಮ ಮನ್ಯಾಗ ಹೊಸ್ತಿಲಕ್ಕ ಪೂಜಿ ಮಾಡ್ತಾರಿಲ್ಲ?"

"ದಿನಾ ಮಾಡ್ತಾರವ್ವ."

"ಅದು ಎಲ್ಲಿರ್ತದ?"

ವಿರೂಪಣ್ಣ ತನ್ನ ಕಾಲಬುಡವನ್ನೇ ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದು ನಕ್ಕ!

"ಗೆದ್ದಿ ಬಿಡವ್ವ! ಲೇ ಅಂಬರೀಶಾ, ಇಳಿಸಲೇ ಅದನ್ನ!"

"ವಿಭೂತಿ ಮಾತ್ರ ಪಕ್ಕದ ಗೋಡಿಗೆ ಹಚ್ರಿ ಯಪ್ಪಾ," ಎಂದಳು ಅವಳೂ ನಗುತ್ತ.

ಜಾಲರಿ ಬದಲಾಯಿಸಿ, ಇಬ್ಬರೂ ನೆಲದ ಮೇಲೆ ಕುಳಿತು ಸೆನ್ಸರ್ ಕೂರಿಸತೊಡಗಿದರು.

"ಸುಳ್ಳ್ ಯಾಕ ಹೇಳಿದ್ರಿ?"

"ನಿಮ್ಮ ಸಿಟ್ಟು ಗೊತ್ತಿತ್ತಲ್ಲ... ಅಪ್ಪಗ ಬೈದುಬಿಟ್ಟಿದ್ರ?"

"ಬೈದ್ರ ಏನಾಗ್ತಿತ್ತು?"

"ಇವತ್ತ ಸಂಜಿಕ ಅಪ್ಪನ ಮುಂದ ನಮ್ಮ ಮದುವಿ ಮಾತು ತೆಗೀಬೇಕಂತ ಮಾಡಿದ್ದೆ. ಸೊಸಿ ಆಗಾಕಿ ಮೊದಲೇ ಮಾವಗ ಬೈದ್ರ ಹೆಂಗ್ರಿ!"

ಅವಳ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

"ಮದುವಿ?! ಯಾರನ್ನ ಕೇಳಿ?"

"ಈಗ ಕೇಳಾಕತ್ತೀನಲ್ಲ... ನನ್ನ ಮದುವಿ ಆಗ್ತೀರೇನ್ರಿ?"

ಅವಳು ಸ್ಕ್ರೂಡ್ರೈವರ್ ಹೆಕ್ಕಿಕೊಂಡಳು. ಮುಖವೆಲ್ಲ ಕೆಂಪಾಯಿತು.

"ಇನ್ನ ಮ್ಯಾಲ ಯಾರದೋ ತಪ್ಪು ಮೈಮ್ಯಾಲ ಹಾಕ್ಕೊಂಡು ನನ್ನ ಅಳಿಸಬಾರದು."

"ಇಲ್ರಿ."

"ಆ 'ರೀ' ಬಿಡ್ರಿ ಮೊದಲ..."

ಅಂಬರೀಶ ಅತ್ತಿತ್ತ ನೋಡಿದ. ಆಮೇಲೆ ಮೆಲ್ಲಗೆ ಕರೆದ.

"ರತ್ನಾ..."

"ಹ್ಞೂಂ... ಆಗ್ತೀನಿ."